ಮೂರು ಪಟ್ಟು ಅಪಾಯ ಅಂದರೆ ಯಾರ ಲೆಕ್ಕ? ಅಲ್ಝೈಮರ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು "ಅಪ್ಪನಿಗೆ ಅಲ್ಝೈಮರ್ ಬಂದರೆ ಮಗನಿಗೂ ಬರುತ್ತಾ?" ಅಂತ ಕೇಳಿದ್ದರು. ಬರಲೇಬೇಕೆಂದಿಲ್ಲ, ಸಾಧ್ಯತೆ ಸ್ವಲ್ಪ ಜಾಸ್ತಿ, ಬಿಪಿ-ಶುಗರ್ ನೋಡಿಕೊಳ್ಳಿ ಅಂತ ನಾಲ್ಕು ಸಾಲು ಬರೆದಿದ್ದೆ. ಅದಾದ ಮೇಲೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇದ್ದವು. ಮರೆವು ತರುವ ಈ ಮೆದುಳಿನ ಕಾಯಿಲೆ ಎಲ್ಲ ಜನರಿಗೂ ಒಂದೇ ರೀತಿ ಬರುತ್ತದಾ, ನಮ್ಮ ಜನರ ಜೀನಿನಲ್ಲಿ ಏನಿದೆ, ಟೆಸ್ಟ್ ಮಾಡಿಸಬೇಕಾ. ಈ ಸಲ ಪೂರ್ತಿ ಅಂಕಣ ಇದಕ್ಕೇ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೆ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ವಿದ್ಯಾನಗರ, ಹುಬ್ಬಳ್ಳಿ: ನನಗೆ 64 ವರ್ಷ, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಅಮೆರಿಕದಲ್ಲಿರುವ ಮಗ ನನ್ನ ಉಗುಳಿನ ಸ್ಯಾಂಪಲ್ ಕೊಟ್ಟು ಜೀನ್ ಟೆಸ್ಟ್ ಮಾಡಿಸಿದ. ಎಪಿಒಇ ಇ3/ಇ4 ಅಂತ ಬಂದಿದೆ. ಅಲ್ಝೈಮರ್ ಅಪಾಯ ಮೂರು ಪಟ್ಟು ಅಂತ ಬರೆದಿದ್ದಾರೆ. ಅವತ್ತಿನಿಂದ ಸ್ಕೂಟರ್ ಚಾವಿ ಎಲ್ಲಿಟ್ಟೆ ಅಂತ ಮರೆತರೂ ಎದೆ ಧಸಕ್ಕೆನ್ನುತ್ತದೆ. ಈ ಲೆಕ್ಕ ನಮ್ಮ ಜನಕ್ಕೂ ಅನ್ವಯಿಸುತ್ತದಾ?

ಚಾವಿ ಆಮೇಲೆ ಸಿಕ್ಕಿತಲ್ಲ? ಹಾಗಿದ್ದರೆ ಅದನ್ನು ಬಿಡಿ, ವರದಿಯ ವಿಷಯಕ್ಕೆ ಬರೋಣ.

ಎಪಿಒಇ ಅನ್ನುವುದು ನಮ್ಮ 19ನೇ ಕ್ರೋಮೋಸೋಮಿನಲ್ಲಿರುವ ಜೀನ್. ಅದು ತಯಾರಿಸುವ ಪ್ರೋಟೀನ್ ಮೆದುಳಿನಲ್ಲಿ ಕೊಲೆಸ್ಟ್ರಾಲ್ ಹೊತ್ತು ಜೀವಕೋಶಗಳಿಗೆ ಮುಟ್ಟಿಸುತ್ತದೆ. ಅಲ್ಝೈಮರ್ ಬಂದವರ ಮೆದುಳಿನಲ್ಲಿ ಕೂಡಿಕೊಳ್ಳುವ ಅಮೈಲಾಯ್ಡ್ ಎಂಬ ಜಿಗುಟು ಪದಾರ್ಥವನ್ನು ಮೆದುಳಿನಿಂದ ಹೊರಗೆ ಹಾಕುವುದರಲ್ಲೂ ಅದರ ಕೈ ಇದೆ. ಈ ಜೀನಿನಲ್ಲಿ ಮುಖ್ಯವಾಗಿ ಮೂರು ನಮೂನೆ: ಇ2, ಇ3, ಇ4. ಆ ಪ್ರೋಟೀನಿನ 299 ಅಮೈನೋ ಆಮ್ಲಗಳ ಸರಪಳಿಯಲ್ಲಿ 112 ಮತ್ತು 158, ಈ ಎರಡೇ ಜಾಗದಲ್ಲಿ ವ್ಯತ್ಯಾಸ. ಅಪ್ಪನಿಂದ ಒಂದು, ಅವ್ವನಿಂದ ಒಂದು ಅಂತ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತವೆ. ಹೆಚ್ಚಿನವರದ್ದು ಇ3/ಇ3. ಇ4 ಇದ್ದವರಲ್ಲಿ ಅಲ್ಝೈಮರ್ ಜಾಸ್ತಿ ಅಂತ 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು. ಅದು ಇವತ್ತಿಗೂ ನಿಂತಿರುವ ಮಾತು.

ಎಷ್ಟು ಜಾಸ್ತಿ ಅನ್ನುವಲ್ಲಿ ಮಾತ್ರ ದೇಶಕ್ಕೊಂದು ಉತ್ತರ ಬರುತ್ತದೆ. 1997ರಲ್ಲಿ ಹಲವು ದೇಶಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ನಿಮ್ಮ ಹಾಗೆ ಇ3/ಇ4 ಇರುವ ಬಿಳಿಯರಲ್ಲಿ ಅಪಾಯ, ಇ3/ಇ3 ಇದ್ದವರಿಗೆ ಹೋಲಿಸಿದರೆ, ಸುಮಾರು 3.2 ಪಟ್ಟು. ಜಪಾನಿನವರಲ್ಲಿ ಅದೇ ಜೋಡಿಗೆ 5.6. ಆಫ್ರಿಕನ್ ಅಮೆರಿಕನ್ನರಲ್ಲಿ 1.1, ಅಂದರೆ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಎರಡೂ ಪ್ರತಿ ಇ4 ಆಗಿದ್ದರೆ ಬಿಳಿಯರಲ್ಲಿ ಸುಮಾರು 15, ಜಪಾನಿನಲ್ಲಿ 33, ಆಫ್ರಿಕನ್ ಅಮೆರಿಕನ್ನರಲ್ಲಿ 6ರ ಹತ್ತಿರ. 2023ರಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. ಅಲ್ಲೂ ಇ3/ಇ4ಗೆ ಪೂರ್ವ ಏಷ್ಯಾದವರಲ್ಲಿ 4.5, ಬಿಳಿಯರಲ್ಲಿ 3.5, ಕಪ್ಪು ಜನರಲ್ಲಿ 2.2, ಹಿಸ್ಪಾನಿಕ್ ಜನರಲ್ಲಿ 1.9. ಅಂಕಿ ಸ್ವಲ್ಪ ಬದಲಾಯಿತು, ಏಷ್ಯಾ ಮೇಲೆ, ಯುರೋಪ್ ನಡುವೆ, ಆಫ್ರಿಕಾ ಕೆಳಗೆ ಅನ್ನುವ ಕ್ರಮ ಹಾಗೇ ಉಳಿಯಿತು.

ಈಗ ನಿಮ್ಮ ವರದಿ ನೋಡಿ. "ಮೂರು ಪಟ್ಟು" ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ? ಅದು ಯುರೋಪ್ ಮೂಲದವರ ಅಂಕಿ. ಹುಬ್ಬಳ್ಳಿಯವರ ರಕ್ತ ನೋಡಿ ಬರೆದದ್ದಲ್ಲ. ಹಾಗಂತ ಸುಳ್ಳು ಅಂತಲೂ ತಳ್ಳಿಹಾಕಬೇಡಿ. ನಮ್ಮ ದೇಶದಲ್ಲಿ ಇದನ್ನು ಹತ್ತಿರದಿಂದ ನೋಡಿದ ಕೆಲಸ ಹರಿಯಾಣದ ಬಲ್ಲಭಗಡದಲ್ಲಿ ನಡೆದಿದೆ. ಅಲ್ಲಿನ ಹಳ್ಳಿಗಳ ಹಿರಿಯರನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಮೊನಾಂಗಹೀಲಾ ಕಣಿವೆಯ ಹಿರಿಯರ ಜೊತೆ ಹೋಲಿಸಿದರು. 2000ದಲ್ಲಿ ಫಲಿತಾಂಶ ಬಂತು. ಬಲ್ಲಭಗಡದಲ್ಲಿ ಈ ಜೀನಿನ ನೂರು ಪ್ರತಿಗೆ ಸುಮಾರು 7 ಇ4, ಮೊನಾಂಗಹೀಲಾದಲ್ಲಿ 11. ನಮ್ಮಲ್ಲಿ ಇ4 ಇರುವವರು ಕಡಿಮೆ, ಆದರೆ ಇದ್ದವರಲ್ಲಿ ಕಾಯಿಲೆಯ ಜೊತೆಗಿನ ನಂಟು ಹೆಚ್ಚುಕಡಿಮೆ ಅಮೆರಿಕದವರಷ್ಟೇ. ಒಂದು ಎಚ್ಚರ: ಬಲ್ಲಭಗಡದಲ್ಲಿ ಸಿಕ್ಕ ರೋಗಿಗಳು ಕೆಲವೇ ಮಂದಿ. ಅಷ್ಟು ಕಡಿಮೆ ಜನರ ಮೇಲೆ ನಿಂತ ಅಂಕಿಯನ್ನು ಒಬ್ಬ ಮನುಷ್ಯನ ಹಣೆಗೆ ಅಂಟಿಸಬಾರದು.

ಜೀನ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಅನ್ನುವುದಕ್ಕೆ ನನಗೆ ತುಂಬಾ ಮನಸ್ಸಿಗೆ ನಾಟಿದ ಕೆಲಸ ನೈಜೀರಿಯಾದ್ದು. ಇಬಾದಾನ್ ಊರಿನ ಯೊರುಬಾ ಜನರನ್ನೂ ಅಮೆರಿಕದ ಇಂಡಿಯಾನಾಪೊಲಿಸ್‌ನ ಆಫ್ರಿಕನ್ ಅಮೆರಿಕನ್ನರನ್ನೂ 1992ರಿಂದ ವರ್ಷಗಟ್ಟಲೆ ಜೊತೆಜೊತೆಗೆ ನೋಡುತ್ತಾ ಬಂದರು. ಇಬ್ಬರ ಮೂಲವೂ ಆಫ್ರಿಕಾ. ಆದರೆ 65 ದಾಟಿದವರಲ್ಲಿ ವರ್ಷಕ್ಕೆ ಹೊಸದಾಗಿ ಅಲ್ಝೈಮರ್ ಬಂದವರು ಇಬಾದಾನ್‌ನಲ್ಲಿ ನೂರಕ್ಕೆ 1.15, ಇಂಡಿಯಾನಾಪೊಲಿಸ್‌ನಲ್ಲಿ 2.52. ಎರಡು ಪಟ್ಟಿಗಿಂತ ಜಾಸ್ತಿ ಅಲ್ವಾ? ಇನ್ನೊಂದು ಕಡೆ, ಇ4ರ ಪೆಟ್ಟು ಕಡಿಮೆ ಇದ್ದರೂ ಅಮೆರಿಕದ ಕಪ್ಪು ಜನರಲ್ಲಿ ಡಿಮೆನ್ಷಿಯಾ (ಅಲ್ಝೈಮರ್ ಸೇರಿ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಬಿಳಿಯರಿಗಿಂತ ಸುಮಾರು ಎರಡರಷ್ಟು. ಬಿಪಿ, ಸಕ್ಕರೆ ಕಾಯಿಲೆ, ಒಳ್ಳೆಯ ಶಾಲೆ ಸಿಗದ ಬಾಲ್ಯ, ತಲೆಮಾರುಗಳಿಂದ ಅನುಭವಿಸಿದ ಭೇದಭಾವ, ಇವೆಲ್ಲ ಅದರಲ್ಲಿ ಸೇರಿವೆ. ಜೀನ್ ಟೆಸ್ಟಿನ ಕಾಗದದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಇ3/ಇ4 ಇರುವ ಎಷ್ಟೋ ಜನ ಕೊನೆಯವರೆಗೂ ಚೆನ್ನಾಗಿಯೇ ಇರುತ್ತಾರೆ. ಅಲ್ಝೈಮರ್ ಬಂದವರಲ್ಲಿ ಇ4 ಇಲ್ಲದವರೂ ಬಹಳ. ಹಾಗಾಗಿ ಇನ್ನೊಂದು ಲ್ಯಾಬಿಗೆ ಹೋಗಿ ಮತ್ತೆ ಟೆಸ್ಟ್ ಮಾಡಿಸಬೇಡಿ, ಉತ್ತರ ಅದೇ ಬರುತ್ತದೆ. ಆ ದುಡ್ಡಿನಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಕಣ್ಣು, ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ, ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ಸರಿಪಡಿಸಿದರೆ ಪ್ರಪಂಚದ ಸುಮಾರು 45% ಡಿಮೆನ್ಷಿಯಾ ತಪ್ಪಿಸಬಹುದು ಅಥವಾ ಮುಂದಕ್ಕೆ ಹಾಕಬಹುದು ಅಂತ ಹೇಳಿತು. ಕಿವಿ ಮಂದವಾಗುವುದು, ಬಿಪಿ, ಬೀಡಿ-ಸಿಗರೇಟು, ಒಂಟಿತನ, ಖಿನ್ನತೆ, ತಲೆಗೆ ಪೆಟ್ಟು ಎಲ್ಲ ಅದರಲ್ಲಿವೆ. ನೀವು ಸ್ಕೂಟರ್ ಓಡಿಸುತ್ತೀರಿ, ಹೆಲ್ಮೆಟ್ ಹಾಕಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ವರದಿ ನಿಮ್ಮೊಬ್ಬರದ್ದೇ ಅಲ್ಲ. ನಿಮ್ಮ ಇ4 ನಿಮ್ಮ ಪ್ರತಿ ಮಗುವಿಗೂ ಹೋಗಿರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣ-ತಮ್ಮ, ಅಕ್ಕ-ತಂಗಿಯರಲ್ಲೂ ಇರಬಹುದು. ಅವರಿಗೆ ತಿಳಿಯಬೇಕೋ ಬೇಡವೋ ಅನ್ನುವುದು ಅವರ ಆಯ್ಕೆ. ಮನೆ ಮಂದಿಯ ವಾಟ್ಸಾಪ್ ಗ್ರೂಪಿಗೆ ವರದಿ ಹಾಕಬೇಡಿ.

ಕಲಘಟಗಿ: ನಾವು ಸಿದ್ದಿ ಸಮುದಾಯದವರು. ಆಫ್ರಿಕಾ ಮೂಲದವರಿಗೆ ಈ ಜೀನ್ ಅಷ್ಟು ತೊಂದರೆ ಕೊಡುವುದಿಲ್ಲ ಅಂತ ಓದಿದೆ. ನಮಗೂ ಹಾಗೇನಾ?

ಪ್ರಶ್ನೆ ಕಳಿಸಿದ್ದಕ್ಕೆ ಖುಷಿಯಾಯಿತು. ಇದಕ್ಕೆ ಉತ್ತರಿಸಲು ಇ4ರ ಪೆಟ್ಟು ಜನರಿಂದ ಜನರಿಗೆ ಯಾಕೆ ಬದಲಾಗುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು.

ಆಫ್ರಿಕನ್ ಅಮೆರಿಕನ್ನರ ಮತ್ತು ಪೋರ್ಟೊ ರಿಕೊ ಜನರ ರಕ್ತದಲ್ಲಿ ಆಫ್ರಿಕಾ, ಯುರೋಪ್ ಎರಡೂ ಬೆರೆತಿವೆ. ಒಬ್ಬನೇ ಮನುಷ್ಯನ ಕ್ರೋಮೋಸೋಮಿನಲ್ಲಿ ಒಂದು ತುಂಡು ಆಫ್ರಿಕಾದ್ದು, ಪಕ್ಕದ ತುಂಡು ಯುರೋಪಿನದ್ದು ಇರಬಹುದು. 2018ರಲ್ಲಿ ಸಂಶೋಧಕರು ಎಪಿಒಇ ಸುತ್ತಮುತ್ತಲಿನ ತುಂಡು ಯಾವ ಕಡೆಯದ್ದು ಅಂತ ಪ್ರತ್ಯೇಕವಾಗಿ ನೋಡಿದರು. ಆ ತುಂಡು ಆಫ್ರಿಕಾದ್ದಾಗಿದ್ದರೆ ಇ4ರ ಅಪಾಯ ಕಡಿಮೆ, ಯುರೋಪಿನದ್ದಾಗಿದ್ದರೆ ಜಾಸ್ತಿ. ಉಳಿದ ಮೈಯಲ್ಲಿ ಯಾವ ಮೂಲ ಎಷ್ಟಿದೆ ಅನ್ನುವುದು ಅಷ್ಟು ಮುಖ್ಯವಾಗಲಿಲ್ಲ. 2021ರಲ್ಲಿ ಸತ್ತವರ ಮೆದುಳಿನ ಜೀವಕೋಶಗಳನ್ನು ನೋಡಿದಾಗ, ಯುರೋಪಿನ ತುಂಡು ಇದ್ದವರಲ್ಲಿ ಇ4 ಜೀನ್ ಹೆಚ್ಚು ಜೋರಾಗಿ ಕೆಲಸ ಮಾಡುತ್ತಿತ್ತು. ಅಂದರೆ ಇ4 ಎರಡೂ ಕಡೆ ಅದೇ, ಅದರ ದನಿ ಹೆಚ್ಚು-ಕಡಿಮೆ ಮಾಡುವ ಗುಂಡಿ ಪಕ್ಕದಲ್ಲಿದೆ, ಆ ಗುಂಡಿ ಬೇರೆ ಬೇರೆ.

ಈಗ ನಿಮ್ಮ ವಿಷಯ. ಹಳಿಯಾಳ, ಯಲ್ಲಾಪುರ, ಕಲಘಟಗಿ ಕಡೆಯ ಸಿದ್ದಿಯರ ಪೂರ್ವಜರಲ್ಲಿ ಆಫ್ರಿಕಾದ ಬಂಟು ಭಾಷಿಕರ ಪಾಲು ದೊಡ್ಡದು, ಜೊತೆಗೆ ಭಾರತದ ಪಾಲು, ಸ್ವಲ್ಪ ಯುರೋಪಿನ ಪಾಲೂ ಇದೆ ಅಂತ 2011ರಲ್ಲಿ ಬಂದ ಜೀನ್ ಅಧ್ಯಯನ ತೋರಿಸಿದೆ. ಹಾಗಾಗಿ ನಿಮ್ಮ ಓಣಿಯಲ್ಲೇ ಇಬ್ಬರಲ್ಲಿ ಆ ತುಂಡು ಬೇರೆ ಬೇರೆ ಮೂಲದ್ದಿರಬಹುದು. ಅಲ್ಲದೆ ಯೊರುಬಾ ಜನ ಇರುವುದು ಆಫ್ರಿಕಾದ ಪಶ್ಚಿಮಕ್ಕೆ. ಪ್ರಪಂಚದಲ್ಲಿ ಜೀನ್‌ಗಳ ವೈವಿಧ್ಯ ಅತಿ ಹೆಚ್ಚು ಇರುವುದೇ ಆಫ್ರಿಕಾದೊಳಗೆ. ನೈಜೀರಿಯಾದ ಅಂಕಿ ತಂದು ಸಿದ್ದಿಯರಿಗೆ ಹಚ್ಚುವುದು, ಯುರೋಪಿನ ಅಂಕಿ ತಂದು ಹುಬ್ಬಳ್ಳಿಗೆ ಹಚ್ಚಿದಷ್ಟೇ ತಪ್ಪು. ಆಫ್ರಿಕಾ ಮೂಲ ಅಂತ ಧೈರ್ಯ ತಂದುಕೊಂಡು ಬಿಪಿ ಮಾತ್ರೆ ಬಿಡಬೇಡಿ.

ಗದಗ: ನಮ್ಮ ಮನೆತನದಲ್ಲಿ ಅಕ್ಕನ ಮಗಳನ್ನು ತರುವುದು, ಸೋದರತ್ತೆ ಮಗನಿಗೆ ಕೊಡುವುದು ರೂಢಿ. ಮೂರು ಜನ ಹಿರಿಯರಿಗೆ 75-80ರಲ್ಲಿ ಮರೆವಿನ ಕಾಯಿಲೆ ಬಂತು. ಒಳಸಂಬಂಧದಿಂದ ಆಯಿತಾ? ನಮ್ಮ ಜಾತಿಯಲ್ಲೇ ಜಾಸ್ತಿನಾ?

ಒಳಸಂಬಂಧದ ಮದುವೆಯಿಂದ ಜಾಸ್ತಿಯಾಗುವುದು ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು. ಕೆಲವು ಹುಟ್ಟು ಕಿವುಡುತನ, ಥಲಸ್ಸೇಮಿಯಾ, ಇಂಥವು. 75 ದಾಟಿದ ಮೇಲೆ ಬರುವ ಅಲ್ಝೈಮರ್ ಆ ಗುಂಪಿನದ್ದಲ್ಲ. ಆ ವಯಸ್ಸಿನಲ್ಲಿ ಈ ಕಾಯಿಲೆ ಸಾಮಾನ್ಯ, ದೊಡ್ಡ ಕುಟುಂಬದಲ್ಲಿ ಮೂವರಿಗೆ ಬಂದರೆ ಆಶ್ಚರ್ಯವಿಲ್ಲ. ಒಂದು ಸಣ್ಣ ಸಂಬಂಧ ಇದೆ. ಮನೆತನದಲ್ಲಿ ಇ4 ಇದ್ದರೆ, ಒಳಗೊಳಗೇ ಮದುವೆ ಆದಾಗ ಮಗುವಿಗೆ ಎರಡೂ ಪ್ರತಿ ಇ4 ಬರುವ ಸಾಧ್ಯತೆ ತುಸು ಏರುತ್ತದೆ.

ಇಸ್ರೇಲಿನಲ್ಲಿ ವಾದಿ ಆರಾ ಎಂಬ ಕಡೆ ಅರಬ್ ಹಳ್ಳಿಗಳಿವೆ. ಅಲ್ಲೂ ಸಂಬಂಧದಲ್ಲೇ ಮದುವೆ ಹೆಚ್ಚು. 65 ದಾಟಿದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಅಲ್ಝೈಮರ್ ಕಂಡುಬಂತು. ಇ4 ಇರಬೇಕು ಅಂತ ಹುಡುಕಿದರೆ, ಅದು ಆ ಜನರಲ್ಲಿ ತೀರಾ ಕಡಿಮೆ! ಬೇರೆ ಜೀನ್‌ಗಳ ಹುಡುಕಾಟ ನಡೆಯಿತು. ಜೊತೆಗೆ ಶಾಲೆ ಕಾಣದವರಲ್ಲಿ ಕಾಯಿಲೆ ಬಹಳ ಹೆಚ್ಚು ಅನ್ನುವುದೂ ಕಂಡಿತು. ಒಂದು ಜನರಲ್ಲಿ ಕಾಯಿಲೆ ಜಾಸ್ತಿ ಇದ್ದರೆ ತಕ್ಷಣ "ರಕ್ತದ ದೋಷ" ಅನ್ನಬಾರದು ಅಂತ ನಾನು ಹೇಳುವುದು ಇದಕ್ಕೇ.

ಜಾತಿ ಬಗ್ಗೆ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಸಾವಿರಾರು ವರ್ಷ ಒಳಗೊಳಗೇ ಮದುವೆ ಆದದ್ದರಿಂದ ಸಮುದಾಯಗಳ ನಡುವೆ ಜೀನ್ ವ್ಯತ್ಯಾಸ ಇರುವುದು ನಿಜ. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು ಬಂದ ಗುರುತು ತೋರಿಸಿದವು, ಅದೂ ಇಂಥ ಗುರುತಿಗೆ ಹೆಸರಾದ ಫಿನ್ಲೆಂಡಿನವರಿಗಿಂತ ಬಲವಾಗಿ. ಅದು ಮಕ್ಕಳಲ್ಲಿ ಕಾಣುವ ಅಪರೂಪದ ಕಾಯಿಲೆಗಳಿಗೆ ಮುಖ್ಯ. ಅಲ್ಝೈಮರ್‌ಗೆ ಅಂತ ಒಂದು ಜಾತಿ ಇಲ್ಲ. ಹೆಣ್ಣು-ಗಂಡು ನೋಡಲು ಬಂದವರು ಈ ಮಾತು ಎತ್ತಿದರೆ ಇದನ್ನೇ ಹೇಳಿ.

ರಾಣೆಬೆನ್ನೂರು: ಭಾರತೀಯರಿಗೆ ಅಲ್ಝೈಮರ್ ಕಡಿಮೆ, ಅದಕ್ಕೆ ನಮ್ಮ ಅರಿಸಿನ ಕಾರಣ ಅಂತಾರೆ. ನಿಜನಾ?

ಈ ಮಾತು ಹುಟ್ಟಿದ್ದೂ ಬಲ್ಲಭಗಡದಿಂದಲೇ. 2001ರಲ್ಲಿ ಬಂದ ಲೆಕ್ಕದ ಪ್ರಕಾರ ಅಲ್ಲಿ 65 ದಾಟಿದ ಸಾವಿರ ಜನರಲ್ಲಿ ವರ್ಷಕ್ಕೆ ಹೊಸದಾಗಿ ಅಲ್ಝೈಮರ್ ಬಂದವರು ಐದಕ್ಕಿಂತ ಕಡಿಮೆ, ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ 17ಕ್ಕಿಂತ ಜಾಸ್ತಿ. ಅಂಕಿ ನೋಡಿದವರೆಲ್ಲ ಕಾರಣ ಹುಡುಕಿದರು, ಅರಿಸಿನ ಕೈಗೆ ಸಿಕ್ಕಿತು. ಅರಿಸಿನದ ಕರ್ಕ್ಯುಮಿನ್ ಅನ್ನು ಅಲ್ಝೈಮರ್ ರೋಗಿಗಳಿಗೆ ಕೊಟ್ಟು ಅಮೆರಿಕದಲ್ಲಿ 24 ವಾರ ನೋಡಿದರು, ಉಪಯೋಗ ಕಾಣಲಿಲ್ಲ. ಸಾರಿಗೆ ಹಾಕಿ, ಊಟ ಮಾಡಿ, ಕ್ಯಾಪ್ಸೂಲ್ ಕೊಳ್ಳಬೇಡಿ.

ಕಡಿಮೆ ಕಂಡದ್ದಕ್ಕೆ ಒಂದು ಕಾರಣ ಇ4 ಕಡಿಮೆ ಇರುವುದು. ಇನ್ನೊಂದು ಕಾರಣ ಕಹಿ: ಕಾಯಿಲೆ ಬಂದವರು ಬೇಗ ತೀರಿಕೊಳ್ಳುತ್ತಿದ್ದರು. ಮತ್ತೊಂದು, "ಅರವತ್ತಕ್ಕೆ ಅರಳುಮರಳು" ಅಂತ ಮನೆಯವರೇ ಸುಮ್ಮನಿದ್ದುಬಿಡುವುದು. ಈಗಿನ ಚಿತ್ರ ಬೇರೆ. ದೇಶಾದ್ಯಂತ ನಡೆದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ 60 ದಾಟಿದವರಲ್ಲಿ 7.4% ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಎಲ್ಲ ಬಗೆಯದ್ದೂ ಸೇರಿ ಡಿಮೆನ್ಷಿಯಾ ಇದೆ. ಹೆಂಗಸರಲ್ಲಿ ಜಾಸ್ತಿ, ಹಳ್ಳಿಗಳಲ್ಲಿ ಜಾಸ್ತಿ.

ಹಾನಗಲ್: ಅಜ್ಜನಿಗೆ ಐವತ್ತರ ಆಸುಪಾಸು, ದೊಡ್ಡಪ್ಪನಿಗೆ 49ಕ್ಕೆ, ಈಗ ತಂದೆಗೆ 51ಕ್ಕೆ ಮರೆವು ಶುರುವಾಗಿದೆ. ನನಗೆ 27, ಮದುವೆ ಮಾತು ನಡೆಯುತ್ತಿದೆ. ಬಹಳ ಹೆದರಿಕೆ ಆಗಿದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಹೊತ್ತು ಹೇಳಿದ್ದೆಲ್ಲ ವಯಸ್ಸಾದ ಮೇಲೆ ಬರುವ ಕಾಯಿಲೆಯ ಬಗ್ಗೆ. ನಿಮ್ಮ ಮನೆಯದ್ದು ಬೇರೆ ಇರಬಹುದು.

ಎಪಿಪಿ, ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2 ಅಂತ ಮೂರು ಜೀನ್‌ಗಳಿವೆ. ಇವುಗಳಲ್ಲಿ ಒಂದು ಕೆಟ್ಟರೆ ಒಂದೇ ಪ್ರತಿ ಸಾಕು, ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತದೆ. ಮಕ್ಕಳಿಗೆ ಹೋಗುವ ಸಾಧ್ಯತೆ ಅರ್ಧ. ಪ್ರಪಂಚದ ಒಟ್ಟು ಅಲ್ಝೈಮರ್‌ನಲ್ಲಿ ಇಂಥದ್ದು 1%ಗಿಂತ ಕಡಿಮೆ. ಇವು ಕೆಲವು ಜನರಲ್ಲಿ ಗುಂಪಾಗಿ ಕಾಣುತ್ತವೆ, ಯಾಕೆಂದರೆ ಒಬ್ಬ ಹಿರಿಯನಿಂದ ಹಬ್ಬಿದವು. ಕೊಲಂಬಿಯಾದ ಆಂಟಿಯೋಕಿಯಾ ಸೀಮೆಯ ಹಳ್ಳಿಗಳಲ್ಲಿ ಪ್ರೆಸೆನಿಲಿನ್ 1ರ ಒಂದು ಬದಲಾವಣೆ ನೂರಾರು ಜನರಲ್ಲಿದೆ. ಫ್ರಾನ್ಸಿಸ್ಕೊ ಲೊಪೆರಾ ಎಂಬ ನರರೋಗ ವೈದ್ಯರು ದಶಕಗಳ ಕಾಲ ಆ ಕುಟುಂಬಗಳ ಜೊತೆಗೇ ಇದ್ದು ಕೆಲಸ ಮಾಡಿದರು. ಅಲ್ಲಿ ಮರೆವು ಶುರುವಾಗುವುದು ಸರಾಸರಿ 44ಕ್ಕೆ, ಡಿಮೆನ್ಷಿಯಾ 49ಕ್ಕೆ.

ಆ ಕುಟುಂಬಗಳಲ್ಲೇ ಒಬ್ಬ ಹೆಂಗಸು ಎಪ್ಪತ್ತು ದಾಟುವವರೆಗೂ ಗಟ್ಟಿಯಾಗಿದ್ದರು. ಅದೇ ಕೆಟ್ಟ ಜೀನ್ ಇತ್ತು, ಮೆದುಳಿನ ತುಂಬ ಅಮೈಲಾಯ್ಡ್ ಕೂಡ ಇತ್ತು. 2019ರಲ್ಲಿ ಗೊತ್ತಾದದ್ದು ಏನೆಂದರೆ, ಅವರ ಎಪಿಒಇ ಎರಡೂ ಪ್ರತಿಯಲ್ಲಿ ಕ್ರೈಸ್ಟ್‌ಚರ್ಚ್ ಅಂತ ಕರೆಯುವ ಅಪರೂಪದ ಬದಲಾವಣೆ ಇತ್ತು, ಅದೇ ಕಾಯಿಲೆಯನ್ನು ಸುಮಾರು ಮೂವತ್ತು ವರ್ಷ ಹಿಂದಕ್ಕೆ ತಳ್ಳಿತ್ತು. ಈ ಒಬ್ಬರಿಂದ ಹೊಸ ಔಷಧಿಯ ದಾರಿ ಹುಡುಕುತ್ತಿದ್ದಾರೆ. ಐಸ್‌ಲ್ಯಾಂಡಿನಲ್ಲೂ 2012ರಲ್ಲಿ ಎಪಿಪಿ ಜೀನಿನ ಒಂದು ಬದಲಾವಣೆ ಸಿಕ್ಕಿತು, ಅದಿದ್ದವರಿಗೆ ಅಲ್ಝೈಮರ್ ಕಡಿಮೆ. ಬೇರೆ ಕಡೆ ಅದು ಕಾಣುವುದೇ ಅಪರೂಪ.

ನೀವು ಈಗ ಮಾಡಬೇಕಾದದ್ದು: ಮೊದಲು ತಂದೆಯನ್ನು ನರರೋಗ ತಜ್ಞರಿಗೆ ತೋರಿಸಿ. 51ಕ್ಕೆ ಬರುವ ಮರೆವಿಗೆ ಥೈರಾಯ್ಡ್, ಬಿ12 ಕೊರತೆ, ಕುಡಿತ, ಖಿನ್ನತೆ ಅಂತ ವಾಸಿ ಮಾಡಬಹುದಾದ ಕಾರಣಗಳೂ ಇರುತ್ತವೆ. ಅವೆಲ್ಲ ಅಲ್ಲ ಅಂತಾದರೆ ಜೀನ್ ಟೆಸ್ಟ್ ಮೊದಲು ತಂದೆಗೆ ಆಗಬೇಕು, ನಿಮಗಲ್ಲ. ನಿಮ್ಮ ಟೆಸ್ಟ್ ಬೇಕೋ ಬೇಡವೋ ಅನ್ನುವುದನ್ನು ಜೆನೆಟಿಕ್ ಕೌನ್ಸೆಲರ್ (ಜೀನ್ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಜೊತೆ ಕೂತು ನಿಧಾನವಾಗಿ ಮಾತಾಡಿ ತೀರ್ಮಾನಿಸಿ. ಬೇಡ ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಮದುವೆ ಮಾತನ್ನು ಈ ಹೆದರಿಕೆಯಲ್ಲಿ ಮುರಿಯಬೇಡಿ, ಮುಚ್ಚಿಟ್ಟು ಮುಂದುವರಿಸಲೂ ಬೇಡಿ. ನನಗೆ ಇನ್ನೊಂದು ಪತ್ರ ಬರೆಯಿರಿ.

ಮುಂಡರಗಿ: ಅವ್ವ ಶಾಲೆಗೆ ಹೋದವಳಲ್ಲ. ಡಾಕ್ಟರು ತಾರೀಖು ಕೇಳಿದರು, ನೂರರಲ್ಲಿ ಏಳು ಕಳೆಯಿರಿ ಅಂದರು, ಚಿತ್ರ ಬಿಡಿಸಿ ಅಂದರು. ಅವಳಿಗೆ ಯಾವುದೂ ಬರಲಿಲ್ಲ, ಅಳುತ್ತಾ ಮನೆಗೆ ಬಂದಳು. ಅಲ್ಝೈಮರ್ ಅಂತ ಬರೆದುಕೊಟ್ಟಿದ್ದಾರೆ.

ಓದಿ ಬೇಜಾರಾಯಿತು. ಪೆನ್ನೇ ಹಿಡಿಯದ ಕೈಗೆ ಚಿತ್ರ ಬಿಡಿಸು ಅಂದರೆ ಅದು ಮರೆವಿನ ಪರೀಕ್ಷೆ ಆಗುವುದಿಲ್ಲ, ಶಾಲೆಯ ಪರೀಕ್ಷೆ ಆಗುತ್ತದೆ. ದೇಶದಿಂದ ದೇಶಕ್ಕೆ ಅಂಕಿ ಬದಲಾಗುವುದಕ್ಕೆ ಇದೂ ಒಂದು ಕಾರಣ. ಜನರ ಜೀನ್ ಹೋಲಿಸುತ್ತಿದ್ದೇವೆ ಅಂದುಕೊಂಡು ಎಷ್ಟೋ ಸಲ ಅವರ ಓದನ್ನು ಹೋಲಿಸಿರುತ್ತೇವೆ.

ಬಲ್ಲಭಗಡದಲ್ಲಿ ಈ ತೊಂದರೆ ಮೊದಲೇ ಗೊತ್ತಾಗಿ ಹಿಂದಿಯಲ್ಲಿ ಬೇರೆಯೇ ಪರೀಕ್ಷೆ ತಯಾರಿಸಿದರು. ವಾಕ್ಯ ಬರೆಯಿರಿ ಅನ್ನುವ ಬದಲು ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ ಅನ್ನುವುದು. ಓದಿ ಅದರಂತೆ ಮಾಡಿ ಅನ್ನುವ ಬದಲು ನಾನು ಮಾಡಿದ ಹಾಗೆ ಮಾಡಿ ಅಂತ ಕಣ್ಣು ಮುಚ್ಚಿ ತೋರಿಸುವುದು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಕಟ್ಟು ಮಾಡಿದ್ದಾರೆ, ಓದು ಬಾರದವರಿಗೂ ಅದರಲ್ಲಿ ದಾರಿ ಇದೆ. ಅದನ್ನು ಮಾಡಿಸಿ ಅಂತ ಕೇಳಿ.

ನನ್ನ ಹತ್ತಿರ ಬಂದ ಒಬ್ಬ ಅಜ್ಜಿಗೆ ನಾನು ರೊಟ್ಟಿ ಹೇಗೆ ಮಾಡುತ್ತೀರಿ ಅಂತ ಕೇಳಿದ್ದೆ. ಜೋಳದ ಹಿಟ್ಟು ಅಂದರು, ಕುದಿಯುವ ನೀರು ಅಂದರು, ನಾದುವುದು ಅಂದರು. ಹಂಚಿನ ಮೇಲೆ ಹಾಕಿದ ಮೇಲೆ ನೀರು ಸವರುವುದನ್ನು ಬಿಟ್ಟರು, ಮತ್ತೆ ಹಿಟ್ಟಿಗೆ ಬಂದರು, ಮತ್ತೆ ಹಂಚು. ಕೈ ಮಾತ್ರ ಗಾಳಿಯಲ್ಲಿ ಸರಿಯಾಗಿ ಬಡಿಯುತ್ತಿತ್ತು. ಐವತ್ತು-ಅರವತ್ತು ವರ್ಷ ಮಾಡಿದ ಕೆಲಸದ ಕ್ರಮ ತಪ್ಪುವುದು ನನಗೆ ತಾರೀಖಿಗಿಂತ ಹೆಚ್ಚು ಹೇಳುತ್ತದೆ. ನಿಮ್ಮ ಅವ್ವನ ವಿಷಯದಲ್ಲೂ ಹೀಗೇ ನೋಡಿ. ಆರು ತಿಂಗಳ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ತಪ್ಪುತ್ತಿದೆ, ಸಂತೆಯಲ್ಲಿ ಚಿಲ್ಲರೆ ಲೆಕ್ಕ ಸರಿ ಬರುತ್ತದಾ, ಹೊಲದ ದಾರಿ ಗೊತ್ತಿದೆಯಾ, ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದಾ. ಬರೆದುಕೊಂಡು ಹೋಗಿ. ಕಿವಿ ಕೇಳಿಸುತ್ತದಾ ಅಂತಲೂ ನೋಡಿಸಿ, ಪ್ರಶ್ನೆಯೇ ಕೇಳಿಸದವರು ಉತ್ತರ ಹೇಗೆ ಹೇಳುತ್ತಾರೆ?

ಅವ್ವ ಎರಡು ಭಾಷೆ ಮಾತಾಡುತ್ತಾರಾ? ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು ಇದು: ಎರಡೋ ಮೂರೋ ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದು ಬಾರದವರಲ್ಲೂ ಹಾಗೇ. ಕನ್ನಡದ ಜೊತೆ ಉರ್ದುವೋ ಮರಾಠಿಯೋ ಲಂಬಾಣಿಯೋ ಆಡುತ್ತಾ ಬೆಳೆಯುವ ನಮ್ಮ ಕಡೆಯವರಿಗೆ ಇದು ದೊಡ್ಡ ಆಸ್ತಿ.

ಸಪ್ತಾಪುರ, ಧಾರವಾಡ: ಅಲ್ಝೈಮರ್‌ಗೆ ಹೊಸ ಇಂಜೆಕ್ಷನ್ ಬಂದಿದೆಯಂತೆ. ಅದಕ್ಕೂ ಈ ಜೀನ್ ಟೆಸ್ಟ್ ಬೇಕಾ?

ಬೇಕು. ಜೀನ್ ಟೆಸ್ಟಿನಿಂದ ನಿಜವಾಗಿ ಉಪಯೋಗ ಆಗುವ ಜಾಗ ಇದು. ಲೆಕಾನೆಮಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. ಮೆದುಳಿನಿಂದ ಅಮೈಲಾಯ್ಡ್ ತೆಗೆಯುತ್ತದೆ, ಕಾಯಿಲೆಯ ಓಟ ಸ್ವಲ್ಪ ನಿಧಾನವಾಗುತ್ತದೆ, ವಾಸಿಯಾಗುವುದಿಲ್ಲ. ಮೆದುಳು ಊದಿಕೊಳ್ಳುವ ಅಡ್ಡಪರಿಣಾಮ ಇದೆ. ಇ4 ಇಲ್ಲದವರಲ್ಲಿ ಅದು ನೂರಕ್ಕೆ 5, ಒಂದು ಪ್ರತಿ ಇದ್ದವರಲ್ಲಿ 11, ಎರಡೂ ಇದ್ದವರಲ್ಲಿ 33ರ ಹತ್ತಿರ. ಶುರುವಿನ ಹಂತದವರಿಗೆ ಮಾತ್ರ, ಪದೇ ಪದೇ ಎಂಆರ್‌ಐ ಬೇಕು. ಮುಂದುವರಿದ ಕಾಯಿಲೆಗೆ ಇದಕ್ಕಾಗಿ ಹೊಲ ಮಾರಬೇಡಿ.

ಧಾರವಾಡ, ಎಂಎಸ್ಸಿ ವಿದ್ಯಾರ್ಥಿನಿ: ಇಷ್ಟೆಲ್ಲ ವ್ಯತ್ಯಾಸ ಇದ್ದರೂ ನಮ್ಮ ಜನರ ಮೇಲೆ ಯಾಕೆ ಕೆಲಸ ನಡೆದಿಲ್ಲ?

ನಡೆಯುತ್ತಿದೆ, ತಡವಾಗಿ. 2022ರಲ್ಲಿ ಅಲ್ಝೈಮರ್ ಜೊತೆ ನಂಟಿರುವ 75 ಜಾಗಗಳನ್ನು ಜೀನೋಮಿನಲ್ಲಿ (ನಮ್ಮ ಎಲ್ಲ ಜೀನ್‌ಗಳ ಪೂರ್ತಿ ಕಟ್ಟಿನಲ್ಲಿ) ಗುರುತಿಸಿದ ದೊಡ್ಡ ಅಧ್ಯಯನ ಬಂತು, ಅದು ಯುರೋಪ್ ಮೂಲದವರದ್ದು. ಅದರಿಂದ ಲೆಕ್ಕ ಹಾಕುವ ಅಪಾಯದ ಸ್ಕೋರ್ ಬೇರೆಯವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇರೆಯವರನ್ನು ನೋಡಿದರೆ ಹೊಸದು ಸಿಗುತ್ತದೆ ಅನ್ನುವುದಕ್ಕೆ ಎಬಿಸಿಎ7 ಎಂಬ ಜೀನ್ ಸಾಕ್ಷಿ. ಬಿಳಿಯರಲ್ಲಿ ಅದರ ಪಾತ್ರ ಸಣ್ಣದು. 2013ರಲ್ಲಿ ಆಫ್ರಿಕನ್ ಅಮೆರಿಕನ್ನರಲ್ಲಿ ನೋಡಿದಾಗ ಹೆಚ್ಚುಕಡಿಮೆ ಎಪಿಒಇಯಷ್ಟೇ ಮುಖ್ಯ ಅಂತ ಕಂಡಿತು.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷ ವರ್ಷ ನೋಡುತ್ತಿದೆ, ಗುರಿ ಹತ್ತು ಸಾವಿರ ಜನ. ಅದೇ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಜನರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಮಲಪ್ರಭೆ, ವರದಾ, ತುಂಗಭದ್ರೆ ದಂಡೆಯ ಹಳ್ಳಿಗಳಲ್ಲೂ ಶ್ರೀನಿವಾಸಪುರದಂಥ ಕೆಲಸ ಆಗಬೇಕು. ನೀವು ಈ ವಿಷಯಕ್ಕೇ ಬರಬೇಕು ಅಂತ ನನ್ನ ಆಸೆ.

ಶಿಗ್ಗಾವಿ: ಎಲ್ಲಿ ತೋರಿಸಬೇಕು? ಬೆಂಗಳೂರಿಗೆ ಹೋಗಲೇಬೇಕಾ?

ಮೊದಲ ಸಲಕ್ಕೆ ಬೇಡ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ಅಥವಾ ಹುಬ್ಬಳ್ಳಿಯಲ್ಲಿ ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆಗೆ. ಹಳೆಯ ಚೀಟಿ, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆ, ಕನ್ನಡಕ, ಕಿವಿ ಮಷೀನ್ ಇದ್ದರೆ ಅದು, ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಜೊತೆಗೆ ದಿನಾ ನೋಡಿಕೊಳ್ಳುವವರೇ ಹೋಗಬೇಕು, ಊರಿಂದ ಬಂದ ಮಗ ಅಲ್ಲ, ಮನೆಯಲ್ಲಿರುವ ಸೊಸೆ. ನೋಡಿಕೊಳ್ಳುವವರಿಗೇ ಸಾಕಾಗಿ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567 ಕೂಡ ಇದೆ.